ಸುಮ್ಕೆ

ಪಂಚಾಯ್ತಿ ಲೈಬ್ರರಿಯ ರಿಜಿಸ್ಟರಿನಲ್ಲಿ ಆರು ಕಲಮು:
ಕ್ರಮಸಂಖ್ಯೆ, ತಾರೀಕು, ಹೆಸರು, ಊರು, ಪುಸ್ತಕ,
ಕಡೆಗೆ ಉದ್ದೇಶ.
ಈ ಕಡೆಯದು ನಾನು ಗೆರೆ ಎಳೆದದ್ದಲ್ಲ,
ಮೇಲಿನಿಂದ ಅಚ್ಚಾಗಿ ಬಂದದ್ದು.

ಉದ್ದೇಶಕ್ಕೇನು ಬರ.
ಎಫ್‌ಡಿಎ, ಪೊಲೀಸ್ ಪೇದೆ, ನವೋದಯ, ಪಿಯುಸಿ ಮರುಪರೀಕ್ಷೆ.
ಪೇಪರು ನೋಡಲು ಬರುವ ನಿಂಗರಾಜಣ್ಣ
"ಬೆಲ್ಲದ ರೇಟು" ಎಂದು ಬರೆಯುತ್ತಾನೆ,
ರೇಟು ಬಿದ್ದ ದಿನ ಏನೂ ಬರೆಯದೆ ಎದ್ದು ಹೋಗುತ್ತಾನೆ.

ಒಂದು ಸಂಜೆ
ಕೊತ್ತತ್ತಿ ಕಡೆಯ ನಾಲೆ ಏರಿ ಇಳಿದು
ಚಡ್ಡಿ ಜೇಬಿನಲ್ಲಿ ಕಬ್ಬಿನ ತುಂಡು ಸಿಕ್ಕಿಸಿಕೊಂಡು
ಬಂದ ಐದನೇ ಕ್ಲಾಸಿನ ಹುಡುಗ,
ಹಾಜರಿಯಲ್ಲಿ ಹೇಮಂತ, ಮನೆಯಲ್ಲಿ ಏಮಂತ,
ಆ ಕಲಮಿನಲ್ಲಿ ಪೆನ್ನು ಊರಿ ಊರಿ ಬರೆದ:
ಸುಮ್ಕೆ.

ಸುಮ್ನೆ ಅಲ್ಲ, ಸುಮ್ಮನೆ ಅಂತೂ ಅಲ್ಲವೇ ಅಲ್ಲ.
ಕಳೆ ಕಿತ್ತು ಬದುವಿನ ಮೇಲೆ ಕೂತ ಅವನವ್ವ
ಯಾಕವ್ವ ಕೂತೆ ಅಂದರೆ ಹೇಳುವಳಲ್ಲ, ಆ ಸುಮ್ಕೆ.
ಅಚ್ಚಿನ ಗೆರೆಗಳ ನಡುವೆ
ಕಾಲು ಚಾಚಿ ಕೂತಿತ್ತು ಆ ಪದ.

ಅವನಿಗೆ ಗಟ್ಟಿಯಾಗಿಯೇ ಓದಬೇಕು.
"ಕಾಡಿನಿಂದ ಒಂದು ಉಲಿ ಬಂತು."
ತಿದ್ದೋಣವೆಂದು ಬಾಯಿ ತೆರೆದೆ.
ಇಪ್ಪತ್ತು ವರ್ಷದ ಹಿಂದೆ, ಮಂಡ್ಯದ ಹೈಸ್ಕೂಲಿನಲ್ಲಿ,
ನನ್ನ ಹಾವು ಆವಾಗಿ ಹೊರಬಂದ ದಿನ
ಕ್ಲಾಸಿಗೆ ಕ್ಲಾಸೇ ನಕ್ಕಿತ್ತು.
ಆಮೇಲೆ ನಾನು ಎದ್ದು ನಿಂತು ಓದಲೇ ಇಲ್ಲ.
ತೆರೆದ ಬಾಯಿ ಮುಚ್ಚಿದೆ.

ಉಲಿ ಬಂತು. ಬರಲಿ.
ಪಟ್ಟೆ ಪಟ್ಟೆಯ ಉಲಿ, ಬಾಲ ಎತ್ತಿದ ಉಲಿ,
ಮೇಜಿನಿಂದ ಬೀರುವಿಗೆ ನೆಗೆದು ಕೂತ ಉಲಿ.
ಹಾಡು ಇದ್ದಲ್ಲಿ ಆಡು ಎಂದ,
ಪುಟ ತಿರುಗಿಸಿದರೆ ಚಿತ್ರದಲ್ಲಿ
ನಿಜಕ್ಕೂ ಒಂದು ಮೇಕೆ!
ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಮಾರನೆ ದಿನ ಮೂರು ಸುಮ್ಕೆ.
ವಾರ ಕಳೆಯಲು ಹನ್ನೊಂದು.
ಒಬ್ಬಳು ಮಾತ್ರ "ಮನೇಲಿ ಟೀವಿ ಕೆಟ್ಟಿದೆ"
ಎಂದು ಬರೆದಳು, ಸುಳ್ಳಾಡದ ಮಗು.

ಜುನೇರ ಬೀರುವಿನ ಮುಂದೆ ನಿಂತೇ ಇದ್ದಳು.
ಕನ್ನಡ ಅವಳಿಗೆ ನೀರು ಕುಡಿದಷ್ಟು ಸಲೀಸು,
ಆದರೂ ಕೇಳಿದಳು:
"ನಮ್ಮನೇಲಿ ಮಾತಾಡೋ ಥರದ್ದು ಒಂದೂ ಇಲ್ವಾ ಅಕ್ಕ?"
ನಾಲ್ಕು ಬೀರು ಹುಡುಕಿದೆ,
ಇಲ್ಲವೆಂದು ಗೊತ್ತಿದ್ದೂ ಐದನೆಯದನ್ನು ಹುಡುಕಿದೆ.
"ನೀನೇ ತಂದ್ಬಿಡು" ಅಂದೆ, ಬಾಯಿಗೆ ಬಂದಂತೆ.

ತಂದಳು.
ನೋಟ್‌ಬುಕ್ಕಿನ ಎಂಟು ಹಾಳೆ, ಗೋಣಿದಾರದ ಹೊಲಿಗೆ,
ರಾತ್ರಿ ಅವಳ ನಾನಿ ಹೇಳುವ ಕೋಳಿ ಮತ್ತು ದರ್ಜಿಯ ಕತೆ.
ಮಾತು ಅವರ ಮನೆಯದು, ಅಕ್ಷರ ಕನ್ನಡದ್ದು,
ಚಿತ್ರದ ಕೋಳಿಗೆ ಮೂರು ಕಾಲು.
"ಒಂದ್ ಜಾಸ್ತಿ ಆಗೋಯ್ತು, ಇರ್ಲಿ ಬಿಡಿ."
ಮೊಹರು ಒತ್ತಿ ನಂಬರು ಕೊಟ್ಟೆ: ೨೬೧೪.

ಹೇಮಂತ ಒಯ್ದ. ಅರ್ಧ ತಿಳಿಯಿತಂತೆ,
ಉಳಿದರ್ಧ ಕೇಳಲು ಅವರ ಮನೆಗೇ ಹೋದನಂತೆ,
ಕತೆ ಮುಗಿಯುವಷ್ಟರಲ್ಲಿ ರಾತ್ರಿಯಾಗಿ
ನಾನಿ ಊಟ ಹಾಕಿಯೇ ಕಳಿಸಿದರಂತೆ.

ಮುಂದಿನ ತಿಂಗಳು ತಾಲ್ಲೂಕಿನಿಂದ ಸಾಹೇಬರು ಬಂದರು.
ಭೇಟಿ ಕೊಟ್ಟವರೂ ಅದೇ ರಿಜಿಸ್ಟರಿನಲ್ಲಿ ಬರೆಯಬೇಕು;
ಹೆಸರು, ಊರು ಬರೆದ ಬೆರಳು ಮೇಲಕ್ಕೆ ಹೋಯಿತು.
"ಏನಮ್ಮ ಇದು, ಸುಮ್ಕೆ, ಸುಮ್ಕೆ, ಸುಮ್ಕೆ?
ವರದಿಯಲ್ಲಿ ನಾನೇನಂತ ಹಾಕ್ಲಿ?
ಜ್ಞಾನಾರ್ಜನೆ ಅಂತ ತಿದ್ದಿಸಿ."
ಬಿಳಿ ಶಾಯಿ ಒಣಗಿದೆ ಸಾರ್, ಅಂದೆ.
ಡ್ರಾಯರಿನಲ್ಲಿ ಹೊಸ ಸೀಸೆ ಇತ್ತು.

ಟೀ ಕುಡಿಯಲು ಹೋದ ಡ್ರೈವರಿಗೆ ಕಾಯುತ್ತ
ಮೇಜಿನ ಮೇಲಿದ್ದ ಮೂರು ಕಾಲಿನ ಕೋಳಿಯನ್ನು
ಅವರು ಎತ್ತಿಕೊಂಡರು.
ಡ್ರೈವರು ಬಂದ. ಹಾರ್ನು ಹೊಡೆದ.
ಮತ್ತೊಮ್ಮೆ ಹೊಡೆದ.
ಸಾಹೇಬರು ಪುಟ ತಿರುಗಿಸಿದರು.

ಸಂಜೆ ಹೇಮಂತ ರಿಜಿಸ್ಟರಿನ ಮೇಲೆ ಬಗ್ಗಿ
ತನ್ನ ಸಾಲಿಗಿಂತ ಮೇಲಿನ ಸಾಲು ನೋಡಿದ.
"ಇವ್ರು ಕಡೇದು ತುಂಬೇ ಇಲ್ವಲ್ಲಕ್ಕ" ಅಂದ,
ಪೆನ್ನು ಕೇಳಿದ.